ಶೈಲಿಗಿಂತ ಮೊದಲು ಕೆಲಸ

ಪುಸ್ತಕಗಳಿಗೆ ಚಿತ್ರ ಬರೆಯುವುದನ್ನೇ ವೃತ್ತಿಯಾಗಿಸಿಕೊಳ್ಳಬೇಕೆಂದು ಹೊರಟವರಿಗೆ ಎಲ್ಲೆಡೆ ಎದುರಾಗುವ ಮೊದಲ ಪ್ರಶ್ನೆ ‘ನಿಮ್ಮ ಶೈಲಿ ಯಾವುದು?’ ಎಂಬುದು. ಮಕ್ಕಳ ಪುಸ್ತಕಗಳ ವಿನ್ಯಾಸದಲ್ಲಿ ಬಹಳ ವರ್ಷ ದುಡಿದ ಹಿರಿಯರೊಬ್ಬರಿಗೆ ನನ್ನ ಪೋರ್ಟ್‌ಫೋಲಿಯೊ ತೋರಿಸಿದಾಗ ಅವರು ಪುಟಗಳನ್ನು ನಿಧಾನವಾಗಿ ತಿರುವಿ, ‘ಚೆನ್ನಾಗಿವೆ, ಆದರೆ ಮೂವರು ಸೇರಿ ಬರೆದ ಹಾಗಿವೆ. ಇವರಲ್ಲಿ ನೀವು ಯಾರು?’ ಎಂದು ಕೇಳಿದರು. ಮಾತಿನಲ್ಲಿ ಕಟುತ್ವವೇನೂ ಇರಲಿಲ್ಲ. ಒಂದು ಚಿತ್ರ ಮಸಿಯ ಗೀಚುಗೆರೆಗಳಿಂದ ತುಂಬಿದ್ದರೆ ಮತ್ತೊಂದರಲ್ಲಿ ಗೆರೆಯೇ ಇರಲಿಲ್ಲ, ಮೂರನೆಯದು ಟ್ಯಾಬ್ಲೆಟ್‌ನಲ್ಲಿ ಬರೆದ ನುಣುಪಾದ ಬಣ್ಣದ ಹರವು. ಅಂದಿನಿಂದ ಈ ಪ್ರಶ್ನೆಯನ್ನು ಬೇರೆ ಬೇರೆ ಕಡೆಯಿಂದ ನೋಡುತ್ತ ಬಂದಿದ್ದೇನೆ. ಪ್ರಶ್ನೆಯೇನೋ ಸರಿಯಾದದ್ದೇ, ಆದರೆ ಅದರ ಸರದಿ ಎರಡನೆಯದು ಎಂಬ ನಿಲುವಿಗೆ ಈಗ ಬಂದಿದ್ದೇನೆ. ಯಾವ ಬಗೆಯ ಕೆಲಸವನ್ನು ಬಹುಕಾಲ ಬೇಸರವಿಲ್ಲದೆ ಮಾಡಬಲ್ಲೆ ಎಂಬುದು ಮೊದಲು ಇತ್ಯರ್ಥವಾಗಬೇಕು; ಶೈಲಿ ಎಂಬುದು ಆ ಕೆಲಸದ ಒತ್ತಡಗಳಿಗೆ ನಮ್ಮ ಕೈ ನೀಡುತ್ತ ಹೋಗುವ ಉತ್ತರಗಳ ಮೊತ್ತ.

ಹಾಗೆಂದು ಆ ಪ್ರಶ್ನೆ ಕೇಳುವವರನ್ನು ದೂರಲು ನಾನು ಸಿದ್ಧನಿಲ್ಲ. ಗ್ಯಾಲರಿಯಲ್ಲಿ ಚಿತ್ರ ಕೊಳ್ಳುವವರು ಕಣ್ಣೆದುರು ಮುಗಿದು ನಿಂತಿರುವ ಚಿತ್ರವನ್ನು ಕೊಳ್ಳುತ್ತಾರೆ. ಪ್ರಕಾಶನ ಸಂಸ್ಥೆಯ ಕಲಾ ನಿರ್ದೇಶಕರು ಇನ್ನೂ ಹುಟ್ಟದ ಚಿತ್ರವನ್ನು ಕೊಳ್ಳಬೇಕಾಗುತ್ತದೆ. ಪುಸ್ತಕ ಅಚ್ಚಿಗೆ ಹೋಗುವ ದಿನ ನಿಗದಿಯಾಗಿರುತ್ತದೆ, ಲೇಖಕರಿಗೆ ಮಾತು ಕೊಟ್ಟಾಗಿರುತ್ತದೆ, ಹೀಗಿರುವಾಗ ಈ ಕೈಯಿಂದ ಎಂಥ ಚಿತ್ರ ಬಂದೀತು ಎಂಬ ಅಂದಾಜಿಗೆ ಅವರ ಬಳಿ ಇರುವ ಆಧಾರ ಹಳೆಯ ಚಿತ್ರಗಳು ಮಾತ್ರ. ಆ ಚಿತ್ರಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಕಂಡರೆ ಅವರು ಬೇರೊಬ್ಬರನ್ನು ಹುಡುಕುವುದು ಸಹಜವೇ. ಆದ್ದರಿಂದ ಮಾರುಕಟ್ಟೆ ಶೈಲಿ ಎನ್ನುವಾಗ ಬಹುಮಟ್ಟಿಗೆ ಕೇಳುತ್ತಿರುವುದು ಭರವಸೆಯನ್ನು. ಇದನ್ನು ಅರ್ಥ ಮಾಡಿಕೊಂಡ ಮೇಲೆ ನನ್ನ ಗಾಬರಿ ಅರ್ಧ ಇಳಿಯಿತು, ಏಕೆಂದರೆ ಭರವಸೆಯನ್ನು ದುಡಿಮೆಯಿಂದ ಕಟ್ಟಬಹುದು, ಅದಕ್ಕಾಗಿ ದೈವಾನುಗ್ರಹಕ್ಕೆ ಕಾಯಬೇಕಿಲ್ಲ.

ಹಳೆಯ ಚಿತ್ರಕಾರರ ಕೆಲಸವನ್ನು ಅವರ ಕಾಲದ ಮುದ್ರಣ ವಿಧಾನದ ಜೊತೆಗಿಟ್ಟು ನೋಡಲಾರಂಭಿಸಿದ್ದು ಈ ಯೋಚನೆಗೆ ಬಲ ಕೊಟ್ಟಿತು. ಥಾಮಸ್ ಬ್ಯೂಯಿಕ್ (1753–1828) ಮರದ ಅಚ್ಚಿನಲ್ಲಿ ಕೆತ್ತಿದ ಹಕ್ಕಿಗಳ ರೆಕ್ಕೆಪುಕ್ಕಗಳ ನವಿರನ್ನು ಕಂಡು ಬೆರಗಾಗದವರಿಲ್ಲ. ಆದರೆ ಆ ನವಿರಿನ ಹಿಂದೆ ಒಂದು ವಸ್ತುವಿನ ಗುಣವಿದೆ. ಹಲಗೆಯ ಉದ್ದ ನಾರಿನ ಮೇಲೆ ಚಾಕುವಿನಿಂದ ಕೆತ್ತುವ ಬದಲು, ಬಾಕ್ಸ್‌ವುಡ್ ಎಂಬ ಗಟ್ಟಿ ಮರವನ್ನು ಅಡ್ಡಕ್ಕೆ ಕೊಯ್ದು ಸಿಗುವ ಮುಖದ ಮೇಲೆ ಲೋಹ ಕೆತ್ತುವವರ ಉಳಿಯನ್ನು ಅವರು ಬಳಸಿದರು. ಆ ಮುಖದಲ್ಲಿ ನಾರು ಉಳಿಯನ್ನು ತಡೆಯುವುದಿಲ್ಲವಾದ್ದರಿಂದ ಕೂದಲೆಳೆಯಷ್ಟು ಸಣ್ಣ ಗೆರೆ ಸಾಧ್ಯವಾಯಿತು. ಕೆತ್ತಿದ ಜಾಗ ಅಚ್ಚಿನಲ್ಲಿ ಬಿಳಿಯಾಗಿಯೇ ಉಳಿಯುವುದರಿಂದ ಅವರು ಕಪ್ಪಿನಿಂದ ಬೆಳಕನ್ನು ಹೊರತೆಗೆಯುವ ಕ್ರಮದಲ್ಲಿ ಯೋಚಿಸಬೇಕಾಯಿತು. ಬ್ಯೂಯಿಕ್ ಶೈಲಿ ಎಂದು ನಾವು ಗುರುತಿಸುವುದರ ದೊಡ್ಡ ಪಾಲು ಆ ಮರಕ್ಕೂ ಉಳಿಗೂ ಸಲ್ಲಬೇಕು.

ಆಬ್ರಿ ಬಿಯರ್ಡ್ಸ್‌ಲಿಯ ಕಥೆ ಇನ್ನೂ ಸ್ಪಷ್ಟವಾದದ್ದು. 1893–94ರಲ್ಲಿ ಲಂಡನ್ನಿನ ಪ್ರಕಾಶಕ ಜೆ. ಎಂ. ಡೆಂಟ್ ಆರ್ಥರ್ ರಾಜನ ಕಥೆಗಳ ಆವೃತ್ತಿಯೊಂದನ್ನು ಬಿಯರ್ಡ್ಸ್‌ಲಿಯ ಚಿತ್ರಗಳೊಂದಿಗೆ ತಂದರು. ವಿಲಿಯಂ ಮಾರಿಸ್ ಅವರ ಮುದ್ರಣಾಲಯದಿಂದ ಬರುತ್ತಿದ್ದ, ಕೈಯಿಂದ ಕೆತ್ತಿದ ಅಚ್ಚುಗಳ ದುಬಾರಿ ಪುಸ್ತಕಗಳ ಚೆಲುವನ್ನು ಕಡಿಮೆ ಖರ್ಚಿನಲ್ಲಿ ಪಡೆಯುವುದು ಡೆಂಟ್ ಅವರ ಉದ್ದೇಶವಾಗಿತ್ತು. ಅದಕ್ಕೆ ಒದಗಿದ್ದು ಲೈನ್ ಬ್ಲಾಕ್ ಎಂಬ ಆಗಿನ ಹೊಸ ವಿಧಾನ: ಮಸಿಯ ಚಿತ್ರವನ್ನು ಛಾಯಾಗ್ರಹಣದ ಮೂಲಕ ಲೋಹದ ತಗಡಿನ ಮೇಲಿಳಿಸಿ, ಬೇಡದ ಭಾಗವನ್ನು ಆಮ್ಲದಿಂದ ಕೊರೆಯುವುದು. ಈ ವಿಧಾನಕ್ಕೆ ಕಪ್ಪು ಗೊತ್ತು, ಬಿಳಿ ಗೊತ್ತು, ನಡುವಿನ ಬೂದು ಗೊತ್ತಿಲ್ಲ. ಆಗಿನ್ನೂ ಇಪ್ಪತ್ತರ ಆಸುಪಾಸಿನಲ್ಲಿದ್ದ ಬಿಯರ್ಡ್ಸ್‌ಲಿ ಈ ಮಿತಿಯನ್ನು ಅಡ್ಡಿಯೆಂದು ಭಾವಿಸದೆ ಅದರ ಮೇಲೆಯೇ ಕಟ್ಟಿದರು. ಒಂದೆಡೆ ಗಾಢ ಕಪ್ಪಿನ ರಾಶಿ, ಇನ್ನೊಂದೆಡೆ ಏನೂ ಇಲ್ಲದ ಬಿಳಿ, ಎರಡರ ನಡುವೆ ತಂತಿಯಂಥ ಒಂದು ಗೆರೆ. 1898ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಳ್ಳುವ ಮೊದಲೇ ಅವರು ಕಪ್ಪುಬಿಳುಪಿನ ಚಿತ್ರಕಲೆಯ ವ್ಯಾಕರಣವನ್ನು ಬದಲಿಸಿಬಿಟ್ಟಿದ್ದರು.

ಆರ್ಥರ್ ರ‍್ಯಾಕಮ್ ಅವರ ಮಬ್ಬುಗಂದು ಕಾಡುಗಳ ಮಾತೂ ಇದೇ. ಇಂಗ್ಲೆಂಡಿನ ಈ ಚಿತ್ರಕಾರರು ಪ್ರಸಿದ್ಧರಾದ ಹೊತ್ತಿಗೆ, ಚಿತ್ರವನ್ನು ಸಣ್ಣ ಚುಕ್ಕಿಗಳಾಗಿ ಒಡೆದು ಅಚ್ಚು ಹಾಕುವ ಮೂರು ಬಣ್ಣಗಳ ಹಾಫ್‌ಟೋನ್ ಮುದ್ರಣ ಬಂದಿತ್ತು. ಮೂರು ಅಚ್ಚುಗಳು ಕೂದಲೆಳೆಯಷ್ಟು ಆಚೀಚೆಯಾದರೂ ಬಣ್ಣ ಕದಡುವ ಆ ವಿಧಾನದಲ್ಲಿ, ತೆಳುವಾದ ಜಲವರ್ಣವನ್ನು ಬಿಗಿಯಾಗಿ ಹಿಡಿದಿಡುವ ಮಸಿಯ ಗೆರೆ ಅವರಿಗೆ ದೊಡ್ಡ ಆಸರೆಯಾಯಿತು. ಜಪಾನಿನ ಹೊಕುಸಾಯಿಯ ಜಗತ್ಪ್ರಸಿದ್ಧ ಅಲೆಯ ಚಿತ್ರ ಕೂಡ ಪ್ರಷ್ಯನ್ ನೀಲಿ ಎಂಬ ಹೊರಗಿನಿಂದ ಬಂದ ವರ್ಣದ್ರವ್ಯವಿಲ್ಲದೆ ಆ ರೂಪದಲ್ಲಿ ಇರುತ್ತಿರಲಿಲ್ಲ. ಅದನ್ನು ರಚಿಸಿದಾಗ ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು, ಜೀವನದುದ್ದಕ್ಕೂ ಮೂವತ್ತಕ್ಕಿಂತ ಹೆಚ್ಚು ಸಲ ಹೆಸರು ಬದಲಿಸಿಕೊಂಡ ಅವರು ತಮ್ಮ ಗೆರೆಗೆ ಯಾವ ಮೊಹರನ್ನೂ ಕಾಯಂ ಆಗಿ ಒತ್ತಿಕೊಳ್ಳಲಿಲ್ಲ. ಇವರ ಪ್ರತಿಭೆ ದೊಡ್ಡದಲ್ಲವೆಂದು ನಾನು ಹೇಳುತ್ತಿಲ್ಲ. ಇವರಲ್ಲಿ ಯಾರೂ ಕನ್ನಡಿಯ ಮುಂದೆ ಕುಳಿತು ತಮ್ಮ ಶೈಲಿ ಏನಿರಬೇಕೆಂದು ಯೋಚಿಸಿದಂತೆ ಅವರ ಚಿತ್ರಗಳು ಕಾಣುವುದಿಲ್ಲ. ಕೈಯಲ್ಲಿದ್ದ ಸಾಧನ, ಎದುರಿಗಿದ್ದ ಕೆಲಸ ಮತ್ತು ಅಚ್ಚಿನ ಮನೆಯ ಮಿತಿ, ಈ ಮೂರಕ್ಕೂ ಒಟ್ಟಿಗೆ ಒಪ್ಪುವ ಉತ್ತರವನ್ನು ಅವರು ಹುಡುಕಿದಂತೆ ಕಾಣುತ್ತದೆ.

ನನ್ನ ಮಟ್ಟಿಗೆ ಆ ಮಿತಿ ಸಮಯದ್ದು. ಹಗಲು ನೌಕರಿ ಮಾಡಿ ಸಂಜೆ ಮೇಜಿಗೆ ಬರುವವನಿಗೆ ಹಸಿಯಾಗಿರುವಾಗಲೇ ಮುಗಿಸಬೇಕಾದ ಜಲವರ್ಣದ ದೊಡ್ಡ ಹರವು ಒಗ್ಗುವುದಿಲ್ಲ. ನಡುವೆ ಎದ್ದುಹೋಗಿ ಮರುದಿನ ಬಂದರೆ ಅಂಚು ಒಣಗಿ ಕಲೆ ನಿಂತಿರುತ್ತದೆ. ಅದ್ದಿ ಬರೆಯುವ ನಿಬ್ಬಿನ ಮಸಿಯ ಕೆಲಸವಾದರೆ ಯಾವ ಗೆರೆಯಲ್ಲಿ ನಿಲ್ಲಿಸಿದರೂ ಮರುದಿನ ಅದೇ ಗೆರೆಯಿಂದ ಮುಂದುವರಿಯಬಹುದು. ಹೀಗೆ ಅನುಕೂಲಕ್ಕೆಂದು ಹಿಡಿದ ನಿಬ್ಬು ಕ್ರಮೇಣ ನನ್ನ ನೋಟವನ್ನೇ ತಿದ್ದಿತು. ನಿಬ್ಬು ನನ್ನತ್ತ ಎಳೆದಾಗ ದಪ್ಪಗೆ, ಅಡ್ಡಕ್ಕೆ ಹೋದಾಗ ತೆಳ್ಳಗೆ ಬರೆಯುತ್ತದೆ, ಮೇಲಕ್ಕೆ ತಳ್ಳಿದರೆ ಕಾಗದಕ್ಕೆ ಸಿಕ್ಕಿಕೊಂಡು ಮಸಿ ಸಿಡಿಸುತ್ತದೆ. ಹಾಗಾಗಿ ನನ್ನ ಆಕೃತಿಗಳು ಮೇಲಿನಿಂದ ಕೆಳಕ್ಕೆ ಹುಟ್ಟುತ್ತವೆ, ಅವುಗಳ ಭಾರ ಕೆಳಗಡೆ ಸೇರಿಕೊಳ್ಳುತ್ತದೆ. ಬಣ್ಣವನ್ನು ಎರಡು ಮೂರಕ್ಕೆ ಸೀಮಿತಗೊಳಿಸಿದ್ದೂ ಮೊದಲು ಸಮಯ ಉಳಿಸಲೆಂದೇ. ಈಗ ನಾಲ್ಕನೆಯ ಬಣ್ಣ ಸೇರಿಸಬೇಕಾದರೆ ಅದಕ್ಕೆ ಕಥೆಯಲ್ಲಿ ಕಾರಣ ಬೇಕೆಂದು ಕೈಯೇ ಹಟ ಮಾಡುತ್ತದೆ.

ಟ್ಯಾಬ್ಲೆಟ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಅದರ ಮೇಲೆ ನನಗೆ ದ್ವೇಷವಿಲ್ಲ, ತಿದ್ದುಪಡಿಗಳ ಸುಗ್ಗಿಯಲ್ಲಿ ಅದು ಜೀವ ಉಳಿಸುತ್ತದೆ. ಆದರೆ ಎಷ್ಟು ಬೇಕಾದರೂ ಹಿಗ್ಗಿಸಿ ನೋಡುವ ಸೌಕರ್ಯ ಇರುವುದರಿಂದ ಚಿತ್ರದ ಮೂಲೆಯ ಹುಲ್ಲೆಸಳಿಗೂ ನಾಯಕಿಯ ಕಣ್ಣಿಗೂ ಒಂದೇ ಅಳತೆಯ ಗಮನ ಸಿಕ್ಕಿಬಿಡುತ್ತದೆ, ಎಲ್ಲವೂ ಸಮನಾಗಿ ಮುಗಿದ ಚಿತ್ರದಲ್ಲಿ ಕಣ್ಣಿಗೆ ನಿಲ್ಲಲು ತಾವೇ ಇರುವುದಿಲ್ಲ. ಈಗ ನಾನು ಪುಟವನ್ನು ಅಚ್ಚಾಗುವ ಗಾತ್ರದಲ್ಲೇ ತೆರೆಯ ಮೇಲಿಟ್ಟುಕೊಂಡು, ಅದಕ್ಕಿಂತ ಹಿಗ್ಗಿಸದೆ ಕೆಲಸ ಮಾಡುತ್ತೇನೆ. ಓದುಗರು ಭೂತಗನ್ನಡಿ ಹಿಡಿದು ಪುಸ್ತಕ ಓದುವುದಿಲ್ಲ.

ಆ ಹಿರಿಯರ ಪ್ರಶ್ನೆಗೆ ಉತ್ತರ ಹುಡುಕುವಾಗ ನನಗೆ ಹೆಚ್ಚು ನೆರವಾದದ್ದು ಒಂದು ಸರಳ ಅಭ್ಯಾಸ. ಒಂದೇ ಪಾತ್ರವನ್ನು ಓಡುವಾಗ, ಮಲಗಿರುವಾಗ, ಬೆನ್ನು ತಿರುಗಿಸಿದಾಗ, ಸಿಟ್ಟಾದಾಗ, ದೂರದ ಗುಂಪಿನಲ್ಲಿ ಚುಕ್ಕಿಯಷ್ಟು ಚಿಕ್ಕದಾಗಿ ಕಂಡಾಗ ಬರೆಯುವುದು, ಅದನ್ನೇ ನಿಬ್ಬಿನಲ್ಲೂ ಪೆನ್ಸಿಲ್ಲಿನಲ್ಲೂ ಟ್ಯಾಬ್ಲೆಟ್‌ನಲ್ಲೂ ಬರೆಯುವುದು. ಚಿತ್ರಪುಸ್ತಕದಲ್ಲಿ ಮೂರನೆಯ ಪುಟದ ಹುಡುಗಿ ಇಪ್ಪತ್ತೊಂಬತ್ತನೆಯ ಪುಟದಲ್ಲೂ ಅದೇ ಹುಡುಗಿಯಾಗಿ ಕಾಣಬೇಕಾದ್ದರಿಂದ ವೃತ್ತಿಯವರೆಲ್ಲ ಇಂಥ ಪಾತ್ರದ ಹಾಳೆಗಳನ್ನು ಮಾಡಿಕೊಳ್ಳುತ್ತಾರೆ. ನಾನು ಅವುಗಳನ್ನು ಗೋಡೆಗೆ ಅಂಟಿಸಿ ನೋಡಿದಾಗ ಗೆರೆಗಳು ಬೇರೆ ಬೇರೆಯಾಗಿದ್ದರೂ ಕೆಲವು ಸಂಗತಿಗಳು ಎಲ್ಲದರಲ್ಲೂ ಹಾಗೇ ಉಳಿದಿದ್ದವು. ದಿಗಂತ ಯಾವಾಗಲೂ ಮೇಲಿತ್ತು, ಅಂದರೆ ನಾನು ಎಲ್ಲವನ್ನೂ ತುಸು ಎತ್ತರದಿಂದ ನೋಡುತ್ತಿದ್ದೆ. ಮುಖಕ್ಕಿಂತ ಕೈಗಳಿಗೆ ಹೆಚ್ಚು ಗೆರೆ ಸಂದಿತ್ತು. ಪಾತ್ರದ ಮುಂದೆ, ಅದು ಹೋಗಲಿರುವ ದಿಕ್ಕಿನಲ್ಲಿ, ಜಾಗ ಖಾಲಿ ಇತ್ತು. ಮೂವರಂತೆ ಕಂಡವರ ಹಿಂದಿದ್ದವನು ಇವನೇ ಇರಬೇಕು. ಶೈಲಿಯನ್ನು ಗೆರೆಯ ದಪ್ಪದಲ್ಲಿ ಹುಡುಕುತ್ತಿದ್ದೆವು, ಅದು ಎಲ್ಲಿ ನಿಂತು ನೋಡುತ್ತೇವೆ, ಏನನ್ನು ಬಿಡುತ್ತೇವೆ ಎಂಬುದರಲ್ಲಿತ್ತು.

ಬಿಡುವುದರ ವಿಚಾರದಲ್ಲಿ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳಿಗಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ. ನರ್ತಿಸುವ ದೇಹವೊಂದನ್ನು ಬೆರಳೆಣಿಕೆಯ ಗೆರೆಗಳಲ್ಲಿ ಹಿಡಿಯುವಾಗ ಅವರು ಬರೆಯದೆ ಬಿಟ್ಟ ಭಾಗವನ್ನು ನಮ್ಮ ಕಣ್ಣು ತಾನಾಗಿಯೇ ಪೂರ್ತಿ ಮಾಡುತ್ತದೆ. ನಾನು ಅಂಥ ಚಿತ್ರಗಳನ್ನು ನಕಲು ಮಾಡಿ ಅಭ್ಯಾಸ ಮಾಡಿದ್ದೇನೆ, ಇನ್ನೂ ಮಾಡುತ್ತೇನೆ, ಮತ್ತು ನಕಲು ಮಾಡಿದರೆ ಸ್ವಂತಿಕೆ ಕೆಡುತ್ತದೆ ಎಂಬ ಉಪದೇಶವನ್ನು ನಾನು ಒಪ್ಪುವುದಿಲ್ಲ. ಗೆರೆ ಎಲ್ಲಿ ನಿಂತಿತು, ಅಲ್ಲೇ ಏಕೆ ನಿಂತಿತು ಎಂದು ಕೇಳಿಕೊಳ್ಳುತ್ತ ಮಾಡುವ ನಕಲು ಓದಿನ ಒಂದು ರೂಪ. ಕೆಡುವುದು, ಕೇಳಿಕೊಳ್ಳದೆ ಮೇಲಿನ ತೊಗಲನ್ನಷ್ಟೇ ಹೊದ್ದುಕೊಂಡಾಗ.

ಆ ತೊಗಲಿಗೆ ಈಗ ಬೇರೆ ಗಿರಾಕಿಗಳಿದ್ದಾರೆ. 2022ರಲ್ಲಿ ಪದಗಳಿಂದ ಚಿತ್ರ ತಯಾರಿಸುವ ಯಂತ್ರಗಳು ಸಾರ್ವಜನಿಕರ ಕೈಗೆ ಬಂದಾಗ ಜನ ಬಲು ಬೇಗ ಕಲಿತ ಉಪಾಯವೆಂದರೆ, ಆದೇಶದ ಕೊನೆಗೆ ಜೀವಂತ ಕಲಾವಿದರೊಬ್ಬರ ಹೆಸರನ್ನು ಸೇರಿಸುವುದು. ಗ್ರೆಗ್ ರುಟ್ಕೋವ್ಸ್ಕಿ ಎಂಬ ಪೋಲೆಂಡಿನ ಚಿತ್ರಕಾರರ ಹೆಸರು ಹೀಗೆ ಅಸಂಖ್ಯ ಸಲ ಬಳಕೆಯಾಯಿತು. 2023ರ ಜನವರಿಯಲ್ಲಿ ಕೆಲವು ಕಲಾವಿದರು ಅಮೆರಿಕದಲ್ಲಿ ಇಂಥ ಕಂಪನಿಗಳ ವಿರುದ್ಧ ಮೊಕದ್ದಮೆ ಹೂಡಿದರು. ಅದೇ ವರ್ಷ ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು ಗ್ಲೇಜ್ ಎಂಬ ಸಾಧನವನ್ನು ಹೊರತಂದರು, ಅದು ಚಿತ್ರದಲ್ಲಿ ಮನುಷ್ಯರ ಕಣ್ಣಿಗೆ ಹೆಚ್ಚಾಗಿ ತಿಳಿಯದಂಥ ಬದಲಾವಣೆಗಳನ್ನು ಮಾಡಿ ಯಂತ್ರ ಆ ಶೈಲಿಯನ್ನು ಸರಿಯಾಗಿ ಕಲಿಯದಂತೆ ತಡೆಯಲು ಯತ್ನಿಸುತ್ತದೆ. ಹಕ್ಕುಸ್ವಾಮ್ಯದ ಕಾನೂನು ಮುಗಿದ ಕೃತಿಯನ್ನು ಕಾಯುತ್ತದೆಯೇ ಹೊರತು ಶೈಲಿಯನ್ನು ಯಾರ ಆಸ್ತಿಯೆಂದೂ ಕಾಯುವುದಿಲ್ಲ. ಒಬ್ಬರ ಶೈಲಿಯನ್ನು ಇನ್ನೊಬ್ಬರಿಗೆ ಮುಚ್ಚಿಬಿಟ್ಟರೆ ಯಾರೂ ಏನನ್ನೂ ಕಲಿಯಲಾಗದ್ದರಿಂದ ಈ ನಿಯಮದಲ್ಲಿ ಅರ್ಥವಿದೆ ಎಂದೇ ನಾನು ಭಾವಿಸುತ್ತೇನೆ. ಕೇಳದೆ ಇನ್ನೊಬ್ಬರ ಜೀವಮಾನದ ಚಿತ್ರಗಳನ್ನು ಯಂತ್ರಕ್ಕೆ ಉಣಿಸುವುದು ಬೇರೆಯೇ ವಿಷಯ, ಅದಕ್ಕೆ ನನ್ನ ಒಪ್ಪಿಗೆಯಿಲ್ಲ.

ವೃತ್ತಿಗೆ ಈಗಷ್ಟೇ ಕಾಲಿಡುತ್ತಿರುವ ನನ್ನಂಥವರು ಇದರಿಂದ ತಿಳಿಯಬೇಕಾದದ್ದು ನೇರವಾಗಿದೆ. ನಾನು ಮಾರಲು ಹೊರಟಿರುವುದು ಮೇಲ್ನೋಟದ ಚೆಲುವನ್ನು ಮಾತ್ರವಾದರೆ ಅದು ಅಗ್ಗವಾಗುತ್ತ ಹೋಗುತ್ತದೆ. ಚಿತ್ರಕಾರರಿಗೆ ಹಣ ಕೊಡುವುದು ಹಸ್ತಪ್ರತಿಯನ್ನು ಓದುವುದಕ್ಕೆ. ಉದಾಹರಣೆಗೆ, ಮಗುವೊಂದು ಗಾಜಿನ ಹೂದಾನಿಯನ್ನು ಒಡೆದು ಚೂರುಗಳನ್ನು ಮಂಚದ ಕೆಳಗೆ ಬಚ್ಚಿಡುವ ಕಥೆಯಿದೆ ಎಂದುಕೊಳ್ಳೋಣ. ಹೂದಾನಿ ನೆಲಕ್ಕೆ ಬಡಿಯುವ ಕ್ಷಣವನ್ನು ಬರೆಯಬೇಕೆಂದು ಮೊದಲು ತೋಚುತ್ತದೆ, ಏಕೆಂದರೆ ಅಲ್ಲಿ ಸದ್ದಿದೆ, ಚಲನೆಯಿದೆ. ಆದರೆ ಆ ಕ್ಷಣವನ್ನು ಲೇಖಕರು ಆಗಲೇ ಬರೆದಿದ್ದಾರೆ. ಬೀಳುವುದಕ್ಕೆ ಸ್ವಲ್ಪ ಮೊದಲು ಮೊಣಕೈ ಹೂದಾನಿಗೆ ಇನ್ನೇನು ತಾಗಲಿರುವುದನ್ನು ಬರೆದರೆ ಓದುವ ಮಗು ಪುಟ ತಿರುಗಿಸಲು ಅವಸರಪಡುತ್ತದೆ. ಬಿದ್ದ ಮೇಲಿನ ಸಂಜೆ ಎಲ್ಲರೂ ಊಟಕ್ಕೆ ಕುಳಿತಿರುವುದನ್ನು ಬರೆದು, ಬಾಗಿಲ ಸಂದಿಯಿಂದ ಮಂಚದ ಅಂಚನ್ನು ಮಾತ್ರ ಕಾಣಿಸಿದರೆ, ಕಥೆಯ ಒಂದು ಮಾತೂ ಹೇಳದ ಅಪರಾಧ ಭಾವ ಪುಟದಲ್ಲಿ ಕುಳಿತುಬಿಡುತ್ತದೆ. ಈ ಆಯ್ಕೆಗಳು ನಡೆಯುವುದು ಹೆಬ್ಬೆಟ್ಟಿನಷ್ಟು ಚಿಕ್ಕ ಕರಡುಗಳಲ್ಲಿ, ಗೆರೆಗೆ ಇನ್ನೂ ಯಾವ ಅಂದವೂ ಬರುವ ಮೊದಲು. ನನ್ನ ಕೆಲಸದ ಅತ್ಯಂತ ದುಬಾರಿ ಭಾಗ ಅದೇ, ನೋಡುವವರಿಗೆ ಕಾಣುವುದು ಮಾತ್ರ ಕೊನೆಯ ಶಾಯಿ.

ಕರಡಿನ ಜೀವ ಆ ಕೊನೆಯ ಶಾಯಿಯಲ್ಲಿ ಉಳಿಯುವಂತೆ ಮಾಡುವುದು ಬೇರೆಯೇ ತಲೆನೋವು. ಮಕ್ಕಳ ಪುಸ್ತಕಗಳ ಚಿತ್ರಕಾರ ಕ್ವೆಂಟಿನ್ ಬ್ಲೇಕ್ ಒರಟು ಕರಡನ್ನು ಒಳಗಿನಿಂದ ಬೆಳಕು ಬೀರುವ ಲೈಟ್ ಬಾಕ್ಸಿನ ಮೇಲಿಟ್ಟು, ಅದರ ಮೇಲೆ ಹೊಸ ಹಾಳೆ ಹಾಸಿ, ತಿದ್ದಿ ಎಳೆಯದೆ, ಕೆಳಗಿನದನ್ನು ಒಂದು ಸೂಚನೆಯೆಂದಷ್ಟೇ ಇಟ್ಟುಕೊಂಡು ಮಸಿಯಲ್ಲಿ ಹೊಸದಾಗಿ ಬರೆಯುತ್ತಾರೆ. ನಾನೂ ಈ ಕ್ರಮವನ್ನು ಹಿಡಿದಿದ್ದೇನೆ. ಮೊದಲ ಹಾಳೆ ಹೆಚ್ಚಾಗಿ ಬಿಗಿಯಾಗಿರುತ್ತದೆ, ಮುಂದಿನ ಹಾಳೆಗಳಲ್ಲಿ ಕೈ ಹೆದರಿಕೆ ಬಿಡುತ್ತದೆ, ಯಾವುದನ್ನು ಉಳಿಸಬೇಕೆಂದು ಮರುದಿನದ ಕಣ್ಣಿಗೆ ಬಿಡುತ್ತೇನೆ.

ಇನ್ನು ವೃತ್ತಿಯ ಗುರಿಯ ಮಾತು. ಚಿತ್ರಕಾರ ಎಂಬ ಒಂದೇ ಹೆಸರಿನ ಕೆಳಗೆ ಪರಸ್ಪರ ಹೋಲಿಕೆಯೇ ಇಲ್ಲದ ಬದುಕುಗಳಿವೆ. ಪತ್ರಿಕೆಗೆ ಬರೆಯುವವರು ಒಂದೆರಡು ದಿನಗಳಲ್ಲಿ, ಕೆಲವೊಮ್ಮೆ ಕೆಲವೇ ಗಂಟೆಗಳಲ್ಲಿ, ಲೇಖನವೊಂದರ ತಿರುಳನ್ನು ಒಂದೇ ಚಿತ್ರಕ್ಕೆ ಇಳಿಸಬೇಕು. ಚಿತ್ರಪುಸ್ತಕ ಮಾಡುವವರು ಒಂದೇ ಕಥೆಯ ಜೊತೆ ತಿಂಗಳುಗಟ್ಟಲೆ, ಹಲವು ಸಲ ವರ್ಷದವರೆಗೂ ಇರಬೇಕು. ಜಾಹೀರಾತಿನಲ್ಲಿ ಹಣ ಹೆಚ್ಚು, ತಿದ್ದುಪಡಿ ಇನ್ನೂ ಹೆಚ್ಚು. ಆಟ ಮತ್ತು ಸಿನಿಮಾಗಳ ಪರಿಕಲ್ಪನಾ ಚಿತ್ರಗಳಲ್ಲಿ ಬಹುಪಾಲು ಹೊರಗಿನವರ ಕಣ್ಣಿಗೆ ಬೀಳುವುದೇ ಇಲ್ಲ. ಯಾವ ಶೈಲಿ ಬೇಕೆಂದು ಕೇಳಿಕೊಳ್ಳುವ ಬದಲು ಇವುಗಳಲ್ಲಿ ಯಾವ ದಿನಚರಿ ಬೇಕೆಂದು ಕೇಳಿಕೊಂಡರೆ ಮನಸ್ಸು ಬೇಗ ಉತ್ತರ ಕೊಡುತ್ತದೆ. ನನ್ನದು ನಿಧಾನದ ಸ್ವಭಾವ, ಒಂದೇ ವಿಷಯವನ್ನು ಸುತ್ತಿ ಸುತ್ತಿ ನೋಡುವ ಚಟ. ನನಗೆ ಬೇಕಾಗಿರುವುದು ಮಕ್ಕಳಿಗಾಗಿ ಪ್ರಕೃತಿಯ ಬಗ್ಗೆ ಬರೆಯುವ ಚಿತ್ರಪುಸ್ತಕಗಳು; ಕಟ್ಟುಕಥೆಯಲ್ಲದ, ಆದರೆ ಕಥೆಯಷ್ಟೇ ಕುತೂಹಲದಿಂದ ಪುಟ ತಿರುಗಿಸುವಂಥವು.

ಈ ಗುರಿಯನ್ನು ಗಟ್ಟಿ ಮಾಡಿದವರು ಮರಿಯಾ ಸಿಬಿಲ್ಲಾ ಮೆರಿಯನ್ (1647–1717). ಐವತ್ತು ದಾಟಿದ ಮೇಲೆ, 1699ರಲ್ಲಿ, ಮಗಳೊಬ್ಬಳನ್ನು ಕರೆದುಕೊಂಡು ಹಡಗೇರಿ ದಕ್ಷಿಣ ಅಮೆರಿಕದ ಸುರಿನಾಮಿಗೆ ಹೋಗಿ ಅಲ್ಲಿನ ಕೀಟಗಳನ್ನು ಬರೆದರು, 1705ರಲ್ಲಿ ಅವು ದೊಡ್ಡ ಗ್ರಂಥವಾಗಿ ಬಂದವು. ಆಗೆಲ್ಲ ಕೀಟವೆಂದರೆ ಸೂಜಿ ಚುಚ್ಚಿ ಸಾಲಾಗಿ ಜೋಡಿಸಿದ ಮಾದರಿಯಂತೆ ಬರೆಯುವುದು ವಾಡಿಕೆ. ಮೆರಿಯನ್ ಕಂಬಳಿಹುಳು, ಗೂಡು, ಪತಂಗ ಮೂರನ್ನೂ ಆ ಹುಳು ತಿನ್ನುವ ಗಿಡದ ಮೇಲೆಯೇ ಒಂದೇ ಹಾಳೆಯಲ್ಲಿ ಇರಿಸಿದರು. ನಿಜದಲ್ಲಿ ಹಾಗೆ ಮೂರೂ ಒಂದೇ ಗಳಿಗೆಯಲ್ಲಿ ಕಾಣಸಿಗುವುದು ಅಪರೂಪ, ಛಾಯಾಚಿತ್ರದಲ್ಲಿ ಅದನ್ನು ಹಿಡಿಯುವುದು ಬಲು ಕಷ್ಟ. ಆದರೆ ಕೀಟದ ಬದುಕಿನ ಬಗ್ಗೆ ಅದಕ್ಕಿಂತ ನಿಜವಾದ ಚಿತ್ರವಿಲ್ಲ. ಇಂದಿಗೂ ಹೊಸ ಸಸ್ಯವೊಂದನ್ನು ವಿವರಿಸುವಾಗ ಸಸ್ಯವಿಜ್ಞಾನಿಗಳು ಕೈಯಿಂದ ಬರೆದ ಚಿತ್ರವನ್ನು ಬಳಸುವುದಕ್ಕೆ ಇದೂ ಒಂದು ಕಾರಣ: ಹೂವು, ಕಾಯಿ, ಬೇರು, ಬೀಜದ ಕೊಯ್ತ ಎಲ್ಲವನ್ನೂ ಒಂದೇ ಹಾಳೆಯಲ್ಲಿ, ಬೇಡದ ನೆರಳು ಮತ್ತು ಕೊಳೆತ ಎಲೆಗಳನ್ನು ತೆಗೆದು ತೋರಿಸಬಹುದು. ಮೆರಿಯನ್ ಅವರ ಹಾಳೆಯನ್ನು ದೂರದಿಂದಲೇ ಗುರುತಿಸಬಹುದು, ಮತ್ತು ಆ ಗುರುತು ಹುಟ್ಟಿದ್ದು ಪತಂಗದ ಬಗ್ಗೆ ಏನು ಹೇಳಬೇಕೆಂಬ ತೀರ್ಮಾನದಿಂದ.

ನಾನೀಗ ಕಟ್ಟುತ್ತಿರುವ ಕರಡು ಪುಸ್ತಕ ಇರುವೆಗಳದ್ದು. ಶೈಲಿಯ ಪ್ರಶ್ನೆ ಅದರಲ್ಲಿ ಬಹಳ ಸಣ್ಣ, ಬಹಳ ಹಟಮಾರಿ ರೂಪಗಳಲ್ಲಿ ಬರುತ್ತದೆ. ಇರುವೆಗೆ ಮನುಷ್ಯರ ಕಣ್ಣು ಮತ್ತು ನಗು ಕೊಡಬೇಕೇ? ಕೊಟ್ಟರೆ ಮಗುವಿಗೆ ಕೂಡಲೇ ಪ್ರೀತಿ ಹುಟ್ಟುತ್ತದೆ, ಆದರೆ ಹುಟ್ಟುವ ಪ್ರೀತಿ ಇರುವೆಯ ಮೇಲಲ್ಲ, ಇರುವೆಯ ವೇಷ ತೊಟ್ಟ ಮನುಷ್ಯನ ಮೇಲೆ. ನಾನು ಕೊಡದಿರಲು ನಿಶ್ಚಯಿಸಿದ್ದೇನೆ. ಆಗ ಭಾವವನ್ನು ಎಲ್ಲಿಂದ ತರುವುದು ಎಂಬ ಸಮಸ್ಯೆ ಉಳಿಯಿತು. ಇರುವೆಗಳು ಮೀಸೆಗಳಿಂದ ಮುಟ್ಟಿ, ಮೂಸಿ, ಒಂದನ್ನೊಂದು ಗುರುತಿಸುವುದರಿಂದ ಮೊಣಕೈಯಂತೆ ಬಾಗುವ ಆ ಮೀಸೆಗಳಿಗೇ ಎಲ್ಲ ಅಭಿನಯವನ್ನು ವಹಿಸಿದೆ. ಮುಂದಕ್ಕೆ ಚಾಚಿದರೆ ಕುತೂಹಲ, ಹಿಂದಕ್ಕೆ ಸೆಳೆದರೆ ಅಂಜಿಕೆ. ಇದು ಕೀಟಶಾಸ್ತ್ರಜ್ಞರು ಪೂರ್ತಿ ಒಪ್ಪುವ ನಿಘಂಟಲ್ಲದಿರಬಹುದು, ಆದರೆ ಇರುವೆಯ ದೇಹದ ಹೊರಗಿನಿಂದ ಏನನ್ನೂ ತಂದಿಲ್ಲ. ಆರೂ ಕಾಲುಗಳು ನಡುವಿನ ಎದೆಯ ಭಾಗದಿಂದಲೇ ಹೊರಡಬೇಕು, ಕಿರಿದಾದ ಸೊಂಟದ ಗಂಟು ಕಾಣಬೇಕು ಎಂಬ ನಿಯಮಗಳನ್ನು ಪಾಲಿಸುತ್ತಲೇ ಇವುಗಳನ್ನು ಪಾತ್ರವಾಗಿಸುವಾಗ ನನ್ನ ಗೆರೆ ತಾನಾಗಿಯೇ ತೆಳುವಾಯಿತು, ಏಕೆಂದರೆ ದಪ್ಪ ಗೆರೆಯಲ್ಲಿ ಕಾಲಿನ ಗೆಣ್ಣುಗಳು ಮುಚ್ಚಿಹೋಗುತ್ತವೆ. ಅಂದಹಾಗೆ, ಗೂಡಿನಲ್ಲಿ ದುಡಿಯುವ ಇರುವೆಗಳೆಲ್ಲ ಹೆಣ್ಣುಗಳು. ಮಕ್ಕಳ ಪುಸ್ತಕಗಳಲ್ಲಿ ಅವುಗಳಿಗೆ ಟೋಪಿ, ಮನುಷ್ಯರ ಮೀಸೆಗಳನ್ನು ತೊಡಿಸಿ ಗಂಡಸರನ್ನಾಗಿಸುವ ಅಭ್ಯಾಸ ಏಕೆ ಬಂತೋ ತಿಳಿಯದು. ನನ್ನ ಪುಸ್ತಕದ ದುಡಿಮೆಗಾರ ಇರುವೆ ‘ಅವಳು’.

ಹಣದ ವಿಚಾರದಲ್ಲಿ ನನ್ನ ಗುರಿಗಳು ದೊಡ್ಡವಲ್ಲ, ಆದರೆ ಖಚಿತವಾಗಿವೆ. ಚಿತ್ರದ ಎಲ್ಲ ಹಕ್ಕುಗಳನ್ನೂ ಒಂದೇ ಮೊತ್ತಕ್ಕೆ ಕಾಯಂ ಆಗಿ ಬರೆದುಕೊಡುವುದಕ್ಕೂ, ಇಂಥ ಆವೃತ್ತಿಗೆ ಇಷ್ಟು ವರ್ಷ ಬಳಸಿಕೊಳ್ಳಿ ಎಂದು ಪರವಾನಗಿ ಕೊಡುವುದಕ್ಕೂ ಬಹಳ ಅಂತರವಿದೆ, ಮತ್ತು ಹೊಸಬರಿಗೆ ಮೊದಲ ಒಪ್ಪಂದದ ಸಂತೋಷದಲ್ಲಿ ಈ ಅಂತರ ಕಾಣುವುದಿಲ್ಲ. ಮುಂಗಡ ಎನ್ನುವುದು ಮುಂದೆ ಬರಲಿರುವ ರಾಯಧನದಿಂದ ವಜಾ ಆಗುವ ಹಣವೆಂಬುದು, ಅದು ತೀರುವವರೆಗೆ ಬೇರೆ ರಾಯಧನ ಬರುವುದಿಲ್ಲವೆಂಬುದು, ಎಷ್ಟು ಸುತ್ತಿನ ತಿದ್ದುಪಡಿ ಉಚಿತ ಎಂದು ಮೊದಲೇ ಬರೆದಿಡದಿದ್ದರೆ ತಿದ್ದುಪಡಿಗೆ ಕೊನೆಯಿಲ್ಲವೆಂಬುದು, ಕೆಲಸ ನಡುವೆ ರದ್ದಾದರೆ ಮಾಡಿದಷ್ಟಕ್ಕೆ ಏನು ಎಂಬ ಕಲಮು ಇರಬೇಕೆಂಬುದು, ಇವೆಲ್ಲ ಚಿತ್ರಕಲೆಯ ತರಗತಿಗಳಲ್ಲಿ ನಿಬ್ಬು ಹಿಡಿಯುವುದರ ಜೊತೆಗೇ ಕಲಿಸಬೇಕಾದ ಪಾಠಗಳು. ಪ್ರಚಾರ ಸಿಗುತ್ತದೆಂದು ಹೇಳಿ ಬಿಟ್ಟಿಯಾಗಿ ಬರೆಸಿಕೊಳ್ಳುವವರ ಬಗ್ಗೆ ಹೆಚ್ಚು ಬರೆಯಲು ನನಗೆ ಉತ್ಸಾಹವಿಲ್ಲ.

ನೌಕರಿಯನ್ನು ಸದ್ಯಕ್ಕೆ ಬಿಡುವುದಿಲ್ಲ. ನೌಕರಿ ಬಿಟ್ಟು ಧುಮುಕಿದವರೇ ನಿಜವಾದ ಕಲಾವಿದರು ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ಇತಿಹಾಸ ಅದನ್ನು ಅಷ್ಟಾಗಿ ಬೆಂಬಲಿಸುವುದಿಲ್ಲ. ಬಿಯರ್ಡ್ಸ್‌ಲಿ ಲಂಡನ್ನಿನ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದರು. ರ‍್ಯಾಕಮ್ ಕೂಡ ಹದಿನೆಂಟನೆಯ ವಯಸ್ಸಿಗೆ ವಿಮಾ ಕಚೇರಿಯ ಗುಮಾಸ್ತರೇ. ಸಂಜೆ ಹೊತ್ತು ಲ್ಯಾಂಬೆತ್ ಕಲಾಶಾಲೆಯಲ್ಲಿ ಕಲಿಯುತ್ತ, 1892ರಲ್ಲಿ ಕಚೇರಿ ಬಿಟ್ಟು ಪತ್ರಿಕೆಗಳಿಗೆ ಬರೆಯತೊಡಗಿದರು, ಅವರ ಹೆಸರು ಮನೆಮಾತಾಗಿಸಿದ ಪುಸ್ತಕಗಳು ಬಂದದ್ದು 1905 ಮತ್ತು 1906ರಲ್ಲಿ. ಅಷ್ಟರಲ್ಲಿ ಅವರಿಗೆ ನಲವತ್ತು ಸಮೀಪಿಸಿತ್ತು. ಎರಿಕ್ ಕಾರ್ಲ್ ಜಾಹೀರಾತು ಕ್ಷೇತ್ರದಲ್ಲಿ ದುಡಿಯುತ್ತಿದ್ದಾಗ ಅವರು ಬರೆದ ಒಂದು ಕೆಂಪು ಸಮುದ್ರಸಿಗಡಿಯ ಚಿತ್ರವನ್ನು ಕಂಡು ಲೇಖಕರೊಬ್ಬರು ತಮ್ಮ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವಂತೆ ಕೇಳಿದರು. 1967ರಲ್ಲಿ ಆ ಪುಸ್ತಕ ಬಂದಾಗ ಕಾರ್ಲ್ ಅವರ ವಯಸ್ಸು ಮೂವತ್ತೇಳರ ಮೇಲೆ. ಬಿಯಾಟ್ರಿಕ್ಸ್ ಪಾಟರ್ ತಮ್ಮ ಮೊದಲ ಪುಸ್ತಕವನ್ನು ಪ್ರಕಾಶಕರು ನಿರಾಕರಿಸಿದಾಗ 1901ರಲ್ಲಿ ಸ್ವಂತ ಖರ್ಚಿನಿಂದ 250 ಪ್ರತಿ ಅಚ್ಚು ಹಾಕಿಸಿದರು, ಮರುವರ್ಷ ಪ್ರಕಾಶಕರೇ ಅದನ್ನು ತಂದರು. ಪುಸ್ತಕ ಪುಟ್ಟ ಕೈಗಳಿಗೆ ಹಿಡಿಯುವಷ್ಟು ಚಿಕ್ಕದಾಗಿರಬೇಕೆಂಬ ಅವರ ಹಟವನ್ನು ನಾನು ಅವರ ಶೈಲಿಯ ಭಾಗವೆಂದೇ ಎಣಿಸುತ್ತೇನೆ.

ಹಾಗಾಗಿ ಪೋರ್ಟ್‌ಫೋಲಿಯೊದಿಂದ ಅರ್ಧಕ್ಕಿಂತ ಹೆಚ್ಚು ಚಿತ್ರಗಳನ್ನು ತೆಗೆದಿದ್ದೇನೆ. ಬಹಳ ಮೆಚ್ಚುಗೆ ಪಡೆದ ಒಂದು ಯೋಧನ ಚಿತ್ರವೂ ಅದರಲ್ಲಿ ಹೋಯಿತು. ಅದನ್ನು ಕಂಡು ಯಾರಾದರೂ ಅಂಥದೇ ಇನ್ನೂ ಇಪ್ಪತ್ತು ಬೇಕೆಂದರೆ ನನಗೆ ಸಂತೋಷವಾಗುವುದಿಲ್ಲ ಎಂಬುದಷ್ಟೇ ಕಾರಣ. ಉಳಿದವುಗಳಲ್ಲಿ ಒಂದೇ ಜೀವಿಯನ್ನು ಹಲವು ಪುಟಗಳಲ್ಲಿ ಹಿಂಬಾಲಿಸುವ ಸರಣಿಗಳೇ ಹೆಚ್ಚು, ಏಕೆಂದರೆ ಬಿಡಿ ಚಿತ್ರ ಚೆನ್ನಾಗಿ ಬರೆಯಬಲ್ಲವರು ಅನೇಕರಿದ್ದಾರೆ, ಪುಸ್ತಕವನ್ನು ಕೊನೆಯವರೆಗೆ ಎಳೆದೊಯ್ಯಬಲ್ಲೆನೆಂಬುದನ್ನು ಸರಣಿ ಮಾತ್ರ ಸಾಬೀತು ಮಾಡುತ್ತದೆ. ನಡುನಡುವೆ ಪತ್ರಿಕೆಯ ಕೆಲಸ ಸಿಕ್ಕರೆ ಒಪ್ಪಿಕೊಳ್ಳುತ್ತೇನೆ. ನಿಧಾನದವನಿಗೆ ಅದರ ಗಡುವು ಒಳ್ಳೆಯ ಔಷಧ.

ಇರುವೆ ಪುಸ್ತಕದ ಲೆಕ್ಕವೂ ಮುದ್ರಣಾಲಯದ್ದೇ. ದೊಡ್ಡ ಹಾಳೆಯನ್ನು ಮಡಚಿದಾಗ ಎಂಟು, ಹದಿನಾರರ ಗುಣಕಗಳಲ್ಲಿ ಪುಟಗಳು ಸಿಗುವುದರಿಂದ ಚಿತ್ರಪುಸ್ತಕಕ್ಕೆ ಸಾಮಾನ್ಯವಾಗಿ 32 ಪುಟ. ಶೀರ್ಷಿಕೆ, ಹಕ್ಕುಸ್ವಾಮ್ಯ ಇತ್ಯಾದಿಗಳನ್ನು ಕಳೆದರೆ ಎದುರುಬದುರಿನ ಜೋಡಿಪುಟಗಳು ಹದಿನಾಲ್ಕರ ಆಸುಪಾಸು ಉಳಿಯುತ್ತವೆ. ನೆಲದಡಿಯ ಗೂಡಿನ ಸೀಳುನೋಟವನ್ನು ನಾನು 20–21ನೆಯ ಪುಟಗಳಿಗೆ ಹಾಕಿದ್ದೆ, ರಾಣಿಯ ಕೋಣೆ ಸರಿಯಾಗಿ ನಡುವಿನ ಮಡಿಕೆಯೊಳಗೆ ನುಂಗಿಹೋಗುತ್ತಿದೆ. ಎಲ್ಲ ಹಾಳೆಗಳನ್ನೂ ಒಂದೇ ಮಡಿಕೆಯಾಗಿ ಹೊಲಿದರೆ 16–17ನೆಯ ಪುಟಗಳು ಒಂದೇ ಅಖಂಡ ಹಾಳೆಯಾಗಿರುತ್ತವೆ, ಚಿತ್ರ ಅಲ್ಲಿ ತುಂಡಾಗುವುದಿಲ್ಲ. ಸೀಳುನೋಟವನ್ನು ಅಲ್ಲಿಗೆ ತರಬೇಕಾದರೆ ಮಳೆ ಬರುವ ಪ್ರಸಂಗವನ್ನು ಹಿಂದಕ್ಕೆ ಸರಿಸಬೇಕು, ಅದಕ್ಕೆ ತಕ್ಕಂತೆ ಪಠ್ಯವನ್ನೂ ಮರುಜೋಡಿಸಬೇಕು. ಈ ವಾರ ಚಿಕ್ಕ ಕರಡುಗಳನ್ನು ಮತ್ತೆ ಮೊದಲಿನಿಂದ ಮಾಡುತ್ತಿದ್ದೇನೆ, ಅದು ಮುಗಿದ ಮೇಲೆ ಮೂರು ಜೋಡಿಪುಟಗಳನ್ನು ಪೂರ್ತಿ ಬಣ್ಣದಲ್ಲಿ ಸಿದ್ಧಪಡಿಸಿ ಪ್ರಕಾಶಕರಿಗೆ ಕಳುಹಿಸುತ್ತೇನೆ.